ಚಳಿಜ್ವರಕ್ಕೆ ಕುಲ ಗೊತ್ತೇ?

2003ರಲ್ಲಿ ಹ್ಯೂಸ್ಟನ್ನಿನಲ್ಲಿ 69 ವರ್ಷದ ಹಿರಿಯರೊಬ್ಬರಿಗೆ ಮಲೇರಿಯಾ ಬಂತು. ಸೊಳ್ಳೆಯಿಂದ ಬಂದದ್ದಲ್ಲ. ರಕ್ತಹೀನತೆಗೆಂದು ಅವರಿಗೆ ರಕ್ತ ಹಾಕಿದ್ದರು. ಆ ರಕ್ತದ ಜೊತೆಗೇ ಫ್ಯಾಲ್ಸಿಪಾರಂ ಎಂಬ ಉಗ್ರ ಜಾತಿಯ ಮಲೇರಿಯಾ ಪರಾವಲಂಬಿಯೂ ಒಳಗೆ ಹೋಗಿತ್ತು. ದಾನಿ ಯಾರೆಂದು ಆರೋಗ್ಯ ಇಲಾಖೆಯವರು ಹುಡುಕುತ್ತ ಹೋದರೆ ಸಿಕ್ಕವನು ಹಿಂದಿನ ವರ್ಷವಷ್ಟೇ ಪಶ್ಚಿಮ ಆಫ್ರಿಕದ ಘಾನಾದಿಂದ ಬಂದಿದ್ದ ಹದಿಹರೆಯದ ಹುಡುಗ. ರಕ್ತ ಕೊಡುವ ದಿನ ಅವನಿಗೆ ಜ್ವರವಿಲ್ಲ, ನಡುಕವಿಲ್ಲ. ಅದೇ ಪರಾವಲಂಬಿ ಒಂದು ಮೈಯಲ್ಲಿ ಸದ್ದಿಲ್ಲದೆ ಕೂತಿತ್ತು, ಇನ್ನೊಂದು ಮೈಗೆ ಹೋದದ್ದೇ ಆಸ್ಪತ್ರೆಯ ಹಾಸಿಗೆ ಹಿಡಿಸಿತು.

ಹ್ಯೂಸ್ಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ರಕ್ತದಾನ ಮಾಡಲು ಹೋಗಿ ಕೈಗೆ ಸೂಜಿ ಚುಚ್ಚಿಸಿಕೊಳ್ಳದೆ ವಾಪಸು ಬಂದವರು ಇದ್ದೇ ಇರುತ್ತಾರೆ. "ಊರಿಗೆ ಹೋಗಿದ್ದಿರಾ? ಯಾವಾಗ ಬಂದಿರಿ?" ಎಂದು ಕೇಳಿ, ಆಮೇಲೆ ಬನ್ನಿ ಎನ್ನುತ್ತಾರೆ. ಮಲೇರಿಯಾ ಇರುವ ಊರಿಗೆ ಪ್ರವಾಸ ಹೋಗಿ ಬಂದವರು ಮೊದಲು ಒಂದು ವರ್ಷ ಕಾಯಬೇಕಿತ್ತು. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಅದನ್ನು ಮೂರು ತಿಂಗಳಿಗೆ ಇಳಿಸಿತು. ಆದರೆ ಅಂಥ ನಾಡಿನಲ್ಲೇ ವರ್ಷಗಟ್ಟಲೆ ಬಾಳಿ ಹೊಸದಾಗಿ ವಲಸೆ ಬಂದವರಿಗೆ ಮಾತ್ರ ಈಗಲೂ ಮೂರು ವರ್ಷ. ಒಂದೇ ವಿಮಾನದಲ್ಲಿ ಇಳಿದ ಇಬ್ಬರಲ್ಲಿ ಪ್ರವಾಸಿಗೆ ಕಡಿಮೆ, ವಲಸಿಗನಿಗೆ ಹೆಚ್ಚು ಎಂಬ ಈ ಲೆಕ್ಕ ಕೆಲವರಿಗೆ ಅವಮಾನದಂತೆ ಕಾಣುತ್ತದೆ. ಅದರ ಹಿಂದಿರುವುದು ಬಣ್ಣವೂ ಅಲ್ಲ, ಪಾಸ್‌ಪೋರ್ಟೂ ಅಲ್ಲ. ಹೊಸಬನ ಮೈಗೆ ಪರಾವಲಂಬಿ ಹೊಕ್ಕರೆ ಜ್ವರ ಬಂದು ಬೇಗ ತಿಳಿಯುತ್ತದೆ. ಪದೇ ಪದೇ ಮಲೇರಿಯಾ ಕಂಡ ಮೈಯಲ್ಲಿ ಅದು ಜ್ವರವನ್ನೇ ಬರಿಸದೆ ಉಳಿಯಬಹುದು. ಘಾನಾದ ಆ ಹುಡುಗ ನಿಯಮದ ಪ್ರಕಾರ ರಕ್ತ ಕೊಡುವಂತೆಯೇ ಇರಲಿಲ್ಲ.

ಹೀಗೆ ರೋಗ ಕಾಣಿಸಿಕೊಳ್ಳದಂತೆ ಪರಾವಲಂಬಿಯನ್ನು ಹಿಡಿತದಲ್ಲಿಡುವ ಶಕ್ತಿಗೆ ವೈದ್ಯರು ಅರೆ ನಿರೋಧ ಎನ್ನುತ್ತಾರೆ. ಅದು ಹುಟ್ಟಿನಿಂದ ಬರುವುದಲ್ಲ, ಗಳಿಸಿಕೊಳ್ಳುವುದು. ಮಲೇರಿಯಾ ದಟ್ಟವಾಗಿರುವ ಆಫ್ರಿಕದ ಹಳ್ಳಿಗಳಲ್ಲಿ ಸಾಯುವವರು ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳು. ಬದುಕುಳಿದವರು ದೊಡ್ಡವರಾಗುವಷ್ಟರಲ್ಲಿ ನೂರಾರು ಸಲ ಕಚ್ಚಿಸಿಕೊಂಡು ಪ್ರತಿಕಾಯಗಳನ್ನು ಕೂಡಿಸಿಟ್ಟಿರುತ್ತಾರೆ. ಆ ನಾಡು ಬಿಟ್ಟು ಬಂದರೆ ಗಳಿಕೆ ಕರಗುತ್ತ ಹೋಗುತ್ತದೆ. ಇಂಡೋನೇಷ್ಯದಲ್ಲಿ ಇದಕ್ಕೊಂದು ವಿಚಿತ್ರ ಪುರಾವೆ ಸಿಕ್ಕಿತು. ಮಲೇರಿಯಾ ಅಷ್ಟಾಗಿ ಇಲ್ಲದ ಜಾವಾದಿಂದ ಸರಕಾರವೇ ಕುಟುಂಬಗಳನ್ನು ಕರೆದೊಯ್ದು ಮಲೇರಿಯಾ ತುಂಬಿದ ಪಪುವಾದಲ್ಲಿ ನೆಲೆಗೊಳಿಸಿತು. ಕೆವಿನ್ ಬೇರ್ಡ್ ಎಂಬ ಅಮೆರಿಕನ್ ವಿಜ್ಞಾನಿ ಮತ್ತು ಸಂಗಡಿಗರು ಅವರನ್ನು ಗಮನಿಸಿ 1991ರಲ್ಲಿ ಬರೆದರು: ಎರಡು ವರ್ಷ ಕಳೆಯುವುದರೊಳಗೆ ದೊಡ್ಡವರಿಗೆ ಸಾಕಷ್ಟು ರಕ್ಷಣೆ ಬಂದಿತ್ತು, ಅದೇ ಮನೆಯ ಮಕ್ಕಳಿಗೆ ಬಂದಿರಲಿಲ್ಲ. ಒಂದೇ ಕುಲ, ಒಂದೇ ಊರು, ಒಂದೇ ಸೊಳ್ಳೆ. ಬೇರೆಯಾಗಿದ್ದದ್ದು ವಯಸ್ಸು.

ಹಾಗಾದರೆ ಮಲೇರಿಯಾದ ಲೆಕ್ಕದಲ್ಲಿ ಜನಾಂಗ ಎನ್ನುವುದು ಸುಳ್ಳೇ? ಅಷ್ಟು ಸಲೀಸಾಗಿ ಹೇಳುವಂತಿಲ್ಲ.

ವೈವ್ಯಾಕ್ಸ್ ಜಾತಿಯ ಮಲೇರಿಯಾ ನಮ್ಮ ಕರಾವಳಿಯಲ್ಲಿ ಮಾಮೂಲು. ಲ್ಯಾಬ್ ಚೀಟಿಯಲ್ಲಿ ಪಿವಿ ಎಂದು ಬರೆದುಕೊಡುವುದು ಇದನ್ನೇ. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಜನರಲ್ಲಿ ಇದು ಬಹುತೇಕ ಕಾಣುವುದೇ ಇಲ್ಲ. ಏಕೆಂಬುದನ್ನು 1976ರಲ್ಲಿ ಲೂಯಿ ಮಿಲ್ಲರ್ ಮತ್ತು ಜೊತೆಗಾರರು ತೋರಿಸಿಕೊಟ್ಟರು. ಸೊಳ್ಳೆಯಿಂದ ಕಚ್ಚಿಸಿಕೊಂಡಿದ್ದ ಹದಿನೇಳು ಸ್ವಯಂಸೇವಕರ ರಕ್ತವನ್ನು ಅವರು ನೋಡಿದರು. ಹನ್ನೊಂದು ಮಂದಿ ಕಪ್ಪು ವರ್ಣೀಯರು, ಆರು ಮಂದಿ ಬಿಳಿಯರು. ಸೋಂಕು ತಗಲದೆ ಉಳಿದವರು ಐವರು, ಐವರೂ ಕಪ್ಪು ವರ್ಣೀಯರು. ಇಲ್ಲಿಗೆ ನಿಲ್ಲಿಸಿದರೆ ಜನಾಂಗದ ಕತೆ ಪೂರ್ತಿಯಾದಂತೆ ಕಾಣುತ್ತದೆ. ಆದರೆ ಉಳಿದ ಆರು ಕಪ್ಪು ವರ್ಣೀಯರು ಬಿಳಿಯರಂತೆಯೇ ರೋಗಕ್ಕೆ ತುತ್ತಾಗಿದ್ದರು. ಪಾರಾದ ಐವರ ಕೆಂಪು ರಕ್ತಕಣಗಳ ಮೇಲೆ ಡಫಿ ಎಂಬ ಗುರುತು ಇರಲಿಲ್ಲ, ಮಿಕ್ಕವರಿಗೆ ಇತ್ತು. ವೈವ್ಯಾಕ್ಸ್ ಕಣದೊಳಗೆ ನುಗ್ಗಲು ಹಿಡಿದುಕೊಳ್ಳುವುದು ಈ ಡಫಿಯನ್ನೇ. ಮೈಬಣ್ಣ ನೋಡಿದ್ದರೆ ಆರು ಜನರ ವಿಷಯದಲ್ಲಿ ಲೆಕ್ಕ ತಪ್ಪುತ್ತಿತ್ತು. ರಕ್ತ ನೋಡಿದ್ದರಿಂದ ಒಬ್ಬರ ವಿಷಯದಲ್ಲೂ ತಪ್ಪಲಿಲ್ಲ. ಪರಾವಲಂಬಿಯೇನೂ ಸುಮ್ಮನೆ ಕೂತಿಲ್ಲ. ಡಫಿ ಇಲ್ಲದವರಿಗೂ ಮಡಗಾಸ್ಕರಿನಲ್ಲಿ ವೈವ್ಯಾಕ್ಸ್ ತಗಲಿದ್ದು 2010ರಲ್ಲಿ ವರದಿಯಾಯಿತು.

ಈ ವ್ಯತ್ಯಾಸ ಪ್ರಯೋಗಾಲಯಕ್ಕೆ ಬರುವ ಎಷ್ಟೋ ಮೊದಲು ಅಮೆರಿಕದ ತೋಟದ ಒಡೆಯರ ಕಣ್ಣಿಗೆ ಬಿದ್ದಿತ್ತು. ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್ ಊರಿಗೆ ಹೆಸರು ಕೊಟ್ಟ ವಿಲಿಯಂ ಸ್ಟಾಫರ್ಡ್ 1830ರಲ್ಲಿ ಅಲ್ಲಿ ಕಬ್ಬಿನ ಗಾಣ ಹಾಕಿದವನು. ಆರು ವರ್ಷದ ಮೇಲೆ ಮೆಕ್ಸಿಕೋದ ಸಾಂಟಾ ಅನಾನ ಸೇನೆ ಆ ತೋಟವನ್ನು ಸುಟ್ಟುಹಾಕಿತು. ಬ್ರಾಜೋಸ್ ನದಿಯ ಬಯಲಿನ ಕಬ್ಬು, ಹತ್ತಿಗಳ ಹಿಂದೆ ಇದ್ದದ್ದು ಗುಲಾಮರ ದುಡಿಮೆ. ಕಪ್ಪು ಮೈಗೆ ಜೌಗಿನ ಜ್ವರ ತಟ್ಟುವುದಿಲ್ಲ, ಆದ್ದರಿಂದ ಆ ಕೆಲಸ ಅವರಿಗೇ ಹೇಳಿ ಮಾಡಿಸಿದ್ದು ಎಂದು ಅಮೆರಿಕದ ದಕ್ಷಿಣದ ವೈದ್ಯರೇ ಬರೆಯುತ್ತಿದ್ದರು. ವೈವ್ಯಾಕ್ಸ್ ಮಟ್ಟಿಗೆ ಅದರಲ್ಲಿ ಅರೆಪಾಲು ಸತ್ಯವಿತ್ತು. ಫ್ಯಾಲ್ಸಿಪಾರಂ ಮಟ್ಟಿಗೆ ಡಫಿ ಇಲ್ಲದಿರುವುದು ಯಾವ ಕಾವಲನ್ನೂ ಕೊಡುವುದಿಲ್ಲ. ಅರೆ ಸತ್ಯವನ್ನು ಪೂರ್ಣ ಸತ್ಯವೆಂದು ನಡೆಸಿದ್ದರಿಂದ ಲಾಭ ಯಾರಿಗಾಯಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಗುಲಾಮಗಿರಿ ಹೋದ ಮೇಲೂ ಕತೆ ಮುಗಿಯಲಿಲ್ಲ. ಕೈದಿಗಳನ್ನು ತೋಟಗಳಿಗೆ ಬಾಡಿಗೆಗೆ ಕೊಡುವ ಪದ್ಧತಿ ಟೆಕ್ಸಾಸಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದವರೆಗೂ ನಡೆಯಿತು. 2018ರಲ್ಲಿ ಪಕ್ಕದ ಶುಗರ್ ಲ್ಯಾಂಡಿನಲ್ಲಿ ಶಾಲಾ ಕಟ್ಟಡಕ್ಕೆ ಅಡಿಪಾಯ ಅಗೆಯುತ್ತಿದ್ದಾಗ 95 ಜನರ ಅಸ್ಥಿಪಂಜರಗಳು ಸಿಕ್ಕವು, ಒಂದು ಹೆಂಗಸಿನದು, ಉಳಿದವೆಲ್ಲ ಗಂಡಸರವು. ಅಲ್ಲಿ ಸಮಾಧಿಗಳಿವೆ, ಜೋಪಾನ ಎಂದು ರೆಜಿನಾಲ್ಡ್ ಮೂರ್ ಎಂಬ ಮಾಜಿ ಜೈಲು ಕಾವಲುಗಾರರು ವರ್ಷಗಳಿಂದ ಹೇಳುತ್ತಲೇ ಬಂದಿದ್ದರು. ಮೊಣಕಾಲುದ್ದ ನೀರಿನಲ್ಲಿ, ಸೊಳ್ಳೆಯ ನಡುವೆ ಕಬ್ಬು ಕಡಿದ ಆ ಜನರನ್ನು ಯಾವ ಜನಾಂಗದ ನಿರೋಧಶಕ್ತಿಯೂ ಕಾಯಲಿಲ್ಲ. ಇಂದು ಅದೇ ನೆಲದಲ್ಲಿ ಮಾಲ್‌ಗಳಿವೆ, ದೇಸಿ ಅಂಗಡಿಗಳಿವೆ, ಕನ್ನಡಿಗರ ಮನೆಗಳಿವೆ.

ಡಫಿಯ ಕತೆಗೆ ಇತ್ತೀಚಿನ ಒಂದು ಬಾಲವೂ ಉಂಟು. ಈ ಗುರುತು ಇಲ್ಲದವರ ರಕ್ತದಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳ ಎಣಿಕೆ ಸಹಜವಾಗಿಯೇ ಕಡಿಮೆ. ಆರೋಗ್ಯಕ್ಕೆ ಅದರಿಂದ ಕೇಡಿಲ್ಲ. ಆದರೆ ಲ್ಯಾಬಿನ ಸಾಧಾರಣ ಮಟ್ಟವನ್ನು ಹೆಚ್ಚಾಗಿ ಬಿಳಿಯರನ್ನು ನೋಡಿಯೇ ನಿಗದಿ ಮಾಡಿದ್ದರಿಂದ ಎಷ್ಟೋ ಆಫ್ರಿಕನ್ ಅಮೆರಿಕನ್ನರಿಗೆ ಬೇಕಾದ ಔಷಧವನ್ನೇ ನಿಲ್ಲಿಸಲಾಗುತ್ತಿತ್ತು. ಮನೋರೋಗಕ್ಕೆ ಕೊಡುವ ಕ್ಲೊಜಪಿನ್ ಮಾತ್ರೆಯ ವಿಷಯದಲ್ಲಿ 2015ರಲ್ಲಿ ನಿಯಮ ಸಡಿಲವಾಯಿತು. ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಲ್ಲಿ ಮಲೇರಿಯಾ ಆರಿಸಿ ಉಳಿಸಿದ ಒಂದು ಜೀನು ಇಂದು ಅಮೆರಿಕದ ಮನೋವೈದ್ಯರ ಔಷಧ ಚೀಟಿಯವರೆಗೂ ಕೈ ಚಾಚಿದೆ.

ಇಷ್ಟಾದರೂ ಡಫಿ ಇಲ್ಲದಿರುವುದು ಒಂದು ಮುಚ್ಚಿದ ಬಾಗಿಲು ಮಾತ್ರ; ರೋಗನಿರೋಧಕ ವ್ಯವಸ್ಥೆಯ ಕೆಲಸ ಅಲ್ಲಿಲ್ಲ. ನಿಜವಾಗಿ ನಿರೋಧಶಕ್ತಿಯೇ ಕುಲದಿಂದ ಕುಲಕ್ಕೆ ಬೇರೆಯಾಗಿರುತ್ತದೆಯೇ ಎಂಬ ಪ್ರಶ್ನೆಗೆ ಪ್ರಪಂಚದಲ್ಲಿ ಸಿಕ್ಕಿರುವ ಅತ್ಯುತ್ತಮ ಉದಾಹರಣೆ ಪಶ್ಚಿಮ ಆಫ್ರಿಕದ ಫುಲಾನಿಗಳು. ದನ ಮೇಯಿಸುತ್ತ ಸೆನೆಗಲ್‌ನಿಂದ ಸುಡಾನ್‌ವರೆಗೆ ಹರಡಿಕೊಂಡಿರುವ ಜನ. ಬುರ್ಕಿನಾ ಫಾಸೋ ದೇಶದ ರಾಜಧಾನಿ ವಗಡುಗುವಿನ ಆಸುಪಾಸಿನ ಹಳ್ಳಿಗಳಲ್ಲಿ ಇವರ ನೆರೆಯವರು ಮೋಸಿ ಎಂಬ ಬೇಸಾಯಗಾರರು, ಜೊತೆಗೆ ರಿಮೈಬೆ ಎಂಬ ಮೂರನೆಯ ಗುಂಪು. ರೋಮಿನ ಸಪಿಯೆಂಜಾ ವಿಶ್ವವಿದ್ಯಾಲಯದ ಡೇವಿಡ್ ಮೊಡಿಯಾನೊ ಮತ್ತು ಬುರ್ಕಿನಾದ ಮಲೇರಿಯಾ ಕೇಂದ್ರದವರು ಅಲ್ಲಿ ಕೆಲಸ ಮಾಡಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರೂ ಗುಂಪಿನವರನ್ನು ಕಚ್ಚುವ ಸೋಂಕಿನ ಸೊಳ್ಳೆಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ. ಆದರೂ ಫುಲಾನಿಗಳ ರಕ್ತದಲ್ಲಿ ಪರಾವಲಂಬಿ ಕಡಿಮೆ, ಜ್ವರದ ಸರದಿ ಕಡಿಮೆ, ಮಲೇರಿಯಾ ವಿರುದ್ಧದ ಪ್ರತಿಕಾಯಗಳು ಮಾತ್ರ ಹೆಚ್ಚು.

ಇಲ್ಲಿ ರಿಮೈಬೆಗಳನ್ನು ಗಮನಿಸಬೇಕು. ಒಂದಾನೊಂದು ಕಾಲದಲ್ಲಿ ಅವರು ಫುಲಾನಿಗಳ ಜೀತದಾಳುಗಳು. ಫುಲಾನಿಗಳ ಭಾಷೆ, ರೀತಿನೀತಿಗಳು ಅವರವೂ ಆಗಿವೆ. ವಂಶದಲ್ಲಿ ಮಾತ್ರ ಅವರು ಮೋಸಿಗಳಿಗೆ ಹತ್ತಿರ. ಊಟ, ಮನೆ, ಅಭ್ಯಾಸಗಳೇ ಕಾರಣವಾಗಿದ್ದರೆ ರಿಮೈಬೆಗಳೂ ಫುಲಾನಿಗಳಂತೆಯೇ ಜ್ವರದಿಂದ ಪಾರಾಗಬೇಕಿತ್ತು. ಹಾಗಾಗಲಿಲ್ಲ, ಅವರು ಮೋಸಿಗಳಂತೆಯೇ ನರಳಿದರು. ಯಾವ ವಿಜ್ಞಾನಿಯೂ ಪ್ರಯೋಗಕ್ಕೆಂದು ಏರ್ಪಡಿಸಲಾರದ, ಏರ್ಪಡಿಸಲೂಬಾರದ ಹೋಲಿಕೆಯೊಂದನ್ನು ಇತಿಹಾಸ ತನ್ನ ಕ್ರೌರ್ಯದಿಂದಲೇ ಒದಗಿಸಿಕೊಟ್ಟಿತ್ತು.

ಹಾಗಿದ್ದರೆ ಮಲೇರಿಯಾದಿಂದ ಕಾಯುವ ಪರಿಚಿತ ಜೀನುಗಳೇ ಫುಲಾನಿಗಳಲ್ಲಿ ಜಾಸ್ತಿ ಇರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಮೊಡಿಯಾನೊ ತಂಡವೂ ಹುಡುಕಿತು. ಸಿಕ್ಕಿದ್ದು ತದ್ವಿರುದ್ಧ: ಸಿಕಲ್ ಸೆಲ್, ಹಿಮೊಗ್ಲೋಬಿನ್ ಸಿ, ಜಿ6ಪಿಡಿ ಕೊರತೆ, ಎಲ್ಲವೂ ಫುಲಾನಿಗಳಲ್ಲಿ ನೆರೆಯವರಿಗಿಂತ ಕಡಿಮೆ. ಕಾವಲಿನ ಹಳೆಯ ಬೀಗಗಳು ಕಡಿಮೆ ಇದ್ದೂ ಮನೆಗೆ ಕಳ್ಳ ಬರುತ್ತಿಲ್ಲ. ಮುಂದೆ ಒಬ್ಬೊಬ್ಬರು ಒಂದೊಂದು ಎಳೆ ಹಿಡಿದರು. ಪ್ರತಿಕಾಯ ತಯಾರಿಕೆಗೆ ಸಂಬಂಧಿಸಿದ ಐಎಲ್-4 ಎಂಬ ಜೀನಿನ ಒಂದು ರೂಪವನ್ನು ಕೆಲವರು ತೋರಿಸಿದರು. 2008ರಲ್ಲಿ ಇನ್ನೊಂದು ಮುಖ್ಯ ಸುಳಿವು ಸಿಕ್ಕಿತು. ನಿರೋಧದ ಪ್ರತಿಕ್ರಿಯೆ ಮಿತಿ ಮೀರದಂತೆ ತಡೆಯುವ ಟಿ ಕಣಗಳು ನಮ್ಮ ದೇಹದಲ್ಲಿವೆ. ಫುಲಾನಿಗಳಲ್ಲಿ ಈ ತಡೆಯುವ ಕಣಗಳ ಕೆಲಸ ದುರ್ಬಲವಾಗಿತ್ತು. ಎಂದರೆ, ಪರಾವಲಂಬಿ ಕಂಡಾಗ ಅವರ ಮೈ ಹೆಚ್ಚು ಬಿರುಸಾಗಿ ತಿರುಗಿ ಬೀಳುತ್ತದೆ. 2017ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ, ಸೋಂಕು ತಗಲಿದಾಗ ಫುಲಾನಿಗಳ ಮೊನೊಸೈಟ್ ಎಂಬ ಬಿಳಿ ಕಣಗಳಲ್ಲಿ ಜೀನುಗಳ ಚಟುವಟಿಕೆ ಮೋಸಿಗಳದಕ್ಕಿಂತ ತೀರ ಬೇರೆಯಾಗಿ ಬದಲಾಗುವುದನ್ನು ಕಂಡಿತು. ನೆರೆಯ ಮಾಲಿ ದೇಶದಲ್ಲಿ ಡೋಗನ್ ಎಂಬ ಜನರ ಪಕ್ಕದಲ್ಲಿ ಬಾಳುವ ಫುಲಾನಿಗಳಲ್ಲೂ ಇದೇ ಬಗೆಯ ರಕ್ಷಣೆ ಕಂಡುಬಂದಿದೆ. ಫುಲಾನಿಗಳ ಗುಲ್ಮ, ಎಂದರೆ ಹೊಟ್ಟೆಯ ಎಡಗಡೆ ಇರುವ ರಕ್ತ ಸೋಸುವ ಅಂಗ, ಹೆಚ್ಚು ಜನರಲ್ಲಿ ಊದಿಕೊಂಡಿರುತ್ತದೆ. ಹಳೆಯ ಕಾಲದ ವೈದ್ಯರು ಊದಿದ ಗುಲ್ಮಗಳನ್ನು ಎಣಿಸಿಯೇ ಊರಿನ ಮಲೇರಿಯಾ ಅಳೆಯುತ್ತಿದ್ದರು. ಆ ಲೆಕ್ಕ ಹಿಡಿದರೆ ಅತಿ ಕಡಿಮೆ ನರಳುವ ಫುಲಾನಿಗಳೇ ಅತಿ ಹೆಚ್ಚು ರೋಗಿಗಳೆಂದು ದಾಖಲಾಗುತ್ತಿದ್ದರು.

ಮೂವತ್ತು ವರ್ಷವಾಗುತ್ತ ಬಂದರೂ ಇದೇ ಆ ಜೀನು ಎಂದು ಬೆರಳಿಟ್ಟು ತೋರಿಸಲು ಯಾರಿಗೂ ಆಗಿಲ್ಲ. ಬಹುಶಃ ಅದು ಒಂದಲ್ಲ, ಹಲವು.

ಏಷ್ಯದಲ್ಲಿ ಇಂಥದೇ ಹೆಸರು ನೇಪಾಳದ ತರಾಯಿಯ ಥಾರು ಜನರದು. ಡಿಡಿಟಿ ಬರುವವರೆಗೆ ಬೆಟ್ಟದ ಜನ ಕಾಲಿಡಲು ಹೆದರುತ್ತಿದ್ದ ತಪ್ಪಲು ಕಾಡಿನಲ್ಲಿ ಥಾರುಗಳು ಶತಮಾನಗಳಿಂದ ಬಾಳಿದರು. 1980ರ ದಶಕದಲ್ಲಿ ಇಟಲಿ ಮತ್ತು ನೇಪಾಳದ ಸಂಶೋಧಕರು ಲೆಕ್ಕ ಹಾಕಿದಾಗ ಅವರಲ್ಲಿ ಮಲೇರಿಯಾ ಅಲ್ಲಿಗೆ ವಲಸೆ ಬಂದ ನೆರೆಯವರಿಗಿಂತ ಸುಮಾರು ಏಳು ಪಟ್ಟು ಕಡಿಮೆ ಇತ್ತು. ಇಲ್ಲಿ ಕಾರಣ ಸಿಕ್ಕಿತು: ಆಲ್ಫಾ ಥಲಸ್ಸೇಮಿಯ ಎಂಬ ಹಿಮೊಗ್ಲೋಬಿನ್ ವ್ಯತ್ಯಾಸ ಬಹುಪಾಲು ಥಾರುಗಳಲ್ಲಿ ಇದೆ.

ಕರ್ನಾಟಕದ ನಕ್ಷೆಯಲ್ಲೂ ಮಲೇರಿಯಾದ ಹೆಜ್ಜೆ ಗುರುತು ರಕ್ತದಲ್ಲೇ ಇದೆ. ಥಲಸ್ಸೇಮಿಯವನ್ನು ಉಳಿಸಿದ್ದು ಮಲೇರಿಯಾವೇ ಇರಬೇಕೆಂದು 1949ರಲ್ಲಿ ಸೂಚಿಸಿದ ಜೆ.ಬಿ.ಎಸ್. ಹಾಲ್ಡೇನ್ ಮುಂದೆ ಭಾರತಕ್ಕೇ ಬಂದು ನೆಲೆಸಿದರು. 1954ರಲ್ಲಿ ಆಂಟನಿ ಆಲಿಸನ್, ಸಿಕಲ್ ಸೆಲ್ ಜೀನಿನ ಒಂದೇ ಪ್ರತಿ ಹೊತ್ತವರಿಗೆ ಮಲೇರಿಯಾದಿಂದ ರಕ್ಷಣೆ ಇದೆಯೆಂದು ಪೂರ್ವ ಆಫ್ರಿಕದಲ್ಲಿ ತೋರಿಸಿದರು. ಎರಡು ಪ್ರತಿ ಬಂದರೆ ಅದೇ ಜೀನು ಪ್ರಾಣಕ್ಕೆ ಎರವಾಗುತ್ತದೆ. ಭಾರತದಲ್ಲಿ ಈ ಜೀನನ್ನು 1952ರಲ್ಲಿ ಮೊದಲು ಗುರುತಿಸಿದ್ದು ಮೈಸೂರು ಗಡಿಗೆ ಅಂಟಿಕೊಂಡಿರುವ ನೀಲಗಿರಿಯ ಬುಡಕಟ್ಟುಗಳಲ್ಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಅದು ಇದೆ, ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಅಲ್ಲಿ ಸಿಕಲ್ ಸೆಲ್ ರೋಗಿಗಳ ಆರೈಕೆ ಮಾಡಿಕೊಂಡು ಬಂದಿದೆ. ಅದೇ ಚಾಮರಾಜನಗರದ ಪೇಟೆಯಲ್ಲಿರುವ, ಅದೇ ಕನ್ನಡ ಮಾತಾಡುವ ಬೇರೆ ಜಾತಿಗಳವರಲ್ಲಿ ಅದು ಅಪರೂಪ. ಕನ್ನಡಿಗರ ರಕ್ತ, ಭಾರತೀಯರ ರಕ್ತ ಎಂಬ ಮಾತು ಸಭೆಗೆ ಸರಿ, ಲ್ಯಾಬಿಗೆ ಸಾಲದು.

ಮೈಸೂರಿನ ಹೆಸರು ಮಲೇರಿಯಾ ಪುಸ್ತಕಗಳಲ್ಲಿ ಇನ್ನೊಂದು ದಾರಿಯಿಂದಲೂ ಸೇರಿದೆ. ಸ್ವೀಟ್ ಮತ್ತು ರಾವ್ ಎಂಬ ಇಬ್ಬರು 1937ರಲ್ಲಿ ಅನಾಫಿಲಿಸ್ ಸ್ಟೆಫೆನ್ಸೈ ಸೊಳ್ಳೆಯಲ್ಲೇ ಎರಡು ತಳಿಗಳಿವೆಯೆಂದು ತೋರಿಸಿ, ಒಂದಕ್ಕೆ ಮೈಸೂರೆನ್ಸಿಸ್ ಎಂದು ಹೆಸರಿಟ್ಟರು. ಸೊಳ್ಳೆಗಳ ಜನಾಂಗ ವಿಂಗಡಿಸುವಾಗ ಅವರು ನೋಡಿದ್ದು ಹುಟ್ಟಿದ ಊರನ್ನಲ್ಲ. ಮೊಟ್ಟೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಅದರ ತೇಲುಬುರುಡೆಯ ಮೇಲಿನ ಗೆರೆಗಳನ್ನು ಎಣಿಸಿದರು. ಮೈಸೂರೆನ್ಸಿಸ್ ಹೆಚ್ಚಾಗಿ ಹಳ್ಳಿಯದು, ದನದ ರಕ್ತ ಮೆಚ್ಚುವಂಥದು. ಪಟ್ಟಣದ ತಳಿ ನೀರಿನ ಟ್ಯಾಂಕು, ಕಟ್ಟಡ ಕಾಮಗಾರಿಯ ತೊಟ್ಟಿಗಳಲ್ಲಿ ಮೊಟ್ಟೆಯಿಟ್ಟು ಮನುಷ್ಯರನ್ನು ಕಚ್ಚುತ್ತದೆ. 1990ರ ದಶಕದಿಂದ ಮಂಗಳೂರನ್ನು ಕಾಡಿದ್ದು ಸ್ಟೆಫೆನ್ಸೈ ಸೊಳ್ಳೆಯೇ. ಬಹುಮಹಡಿ ಕಟ್ಟಡಗಳು ಏಳುತ್ತಿದ್ದಂತೆ ಉತ್ತರ ಕರ್ನಾಟಕದಿಂದ, ಬಿಹಾರ, ಜಾರ್ಖಂಡ್‌ಗಳಿಂದ ಕೂಲಿಯವರು ಬಂದರು. ಜ್ವರ ತಂದವರು ಅವರೇ ಎಂಬ ದೂರು ಬಂದರಿನಿಂದ ಬಲ್ಮಠದವರೆಗೆ ಕೇಳಿಬಂತು. ಟ್ಯಾಂಕಿಗೆ ಮುಚ್ಚಳ ಹಾಕದ ಗುತ್ತಿಗೆದಾರರ ಮೇಲೆ ಅಷ್ಟು ದೂರು ಇರಲಿಲ್ಲ. ವೆನ್ಲಾಕ್ ಆಸ್ಪತ್ರೆಗೆ ಬರುವ ರೋಗಿಗಳ ರಕ್ತದಲ್ಲಿ ನಿರೋಧ ವ್ಯವಸ್ಥೆಯ ಸಂಕೇತ ರಾಸಾಯನಿಕಗಳನ್ನು ಅಳೆಯುವ ಕೆಲಸವನ್ನು ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು ಪೆನ್ಸಿಲ್ವೇನಿಯದ ವಿಜ್ಞಾನಿ ಡಿ. ಚನ್ನೇಗೌಡರ ಜೊತೆ ಸೇರಿ ಮಾಡಿದ್ದಾರೆ. 2015ರಿಂದ ಟ್ಯಾಬ್ಲೆಟ್ ಹಿಡಿದು ಮನೆಮನೆ ಸುತ್ತಿ ಪ್ರತಿ ರೋಗಿಯನ್ನೂ ಬೆನ್ನುಹತ್ತುವ ವ್ಯವಸ್ಥೆ ಬಂದ ಮೇಲೆ ನಗರದಲ್ಲಿ ಮಲೇರಿಯಾ ಬಹಳ ಇಳಿದಿದೆ.

ಈಗ ಮತ್ತೆ ಸ್ಟಾಫರ್ಡಿಗೆ. ಅಲ್ಲಿ ಹ್ಯೂಸ್ಟನ್ ಕನ್ನಡ ವೃಂದದ ಸಮಾರಂಭಕ್ಕೆ ಸೇರುವವರಲ್ಲಿ ಮಂಗಳೂರಿನವರಿದ್ದಾರೆ, ಬಸವನಗುಡಿಯವರಿದ್ದಾರೆ, ರಾಯಚೂರಿನವರಿದ್ದಾರೆ. "ನಾವು ಅಲ್ಲೇ ಹುಟ್ಟಿ ಬೆಳೆದವರು, ನಮಗೇನು ಆಗುತ್ತೆ?" ಎಂಬ ಮಾತು ಮಾತ್ರ ಎಲ್ಲರ ಬಾಯಲ್ಲೂ ಒಂದೇ. ಬಸವನಗುಡಿಯಲ್ಲಿ ಬೆಳೆದ ಹೆಚ್ಚಿನವರು ಮಲೇರಿಯಾ ಕಂಡೇ ಇಲ್ಲ. ಅವರಿಗೆ ಕಳೆದುಕೊಳ್ಳಲು ನಿರೋಧವೇ ಇರಲಿಲ್ಲ. ಮಂಗಳೂರಿನಲ್ಲಿ ಎರಡು ಸಲ ಜ್ವರ ಹಿಡಿದವರಿಗೂ ಟೆಕ್ಸಾಸಿನ ಹದಿನೈದು ವರ್ಷಗಳ ಮೇಲೆ ಅದರ ನೆರಳು ಉಳಿದಿದ್ದರೆ ಹೆಚ್ಚು. ಇಲ್ಲೇ ಹುಟ್ಟಿದ ಮಗುವಿಗೆ ತಾಯಿತಂದೆಯ ಮೈಬಣ್ಣ ಬರುತ್ತದೆ, ಅವರು ಗಳಿಸಿದ ಪ್ರತಿಕಾಯ ಉಳಿಯುವುದಿಲ್ಲ. ಕೋವಿಡ್‌ಗೆ ಮೊದಲು ಅಮೆರಿಕದಲ್ಲಿ ವರ್ಷಕ್ಕೆ ಸುಮಾರು ಎರಡು ಸಾವಿರ ಮಲೇರಿಯಾ ಪ್ರಕರಣಗಳು ವರದಿಯಾಗುತ್ತಿದ್ದವು. ಅದರಲ್ಲಿ ದೊಡ್ಡ ಪಾಲು ತವರಿಗೆ ನಂಟರಿಷ್ಟರನ್ನು ನೋಡಲು ಹೋಗಿ ಬಂದವರದೇ, ಹೆಚ್ಚಿನವು ಆಫ್ರಿಕದಿಂದ. ಹೋಟೆಲಿನಲ್ಲಿ ಉಳಿಯುವ ಪ್ರವಾಸಿ ಮುನ್ನೆಚ್ಚರಿಕೆಯ ಮಾತ್ರೆ ನುಂಗುತ್ತಾನೆ. ಅಜ್ಜಿ ಮನೆಗೆ ಹೋಗುವವನಿಗೆ ಅದು ಅಜ್ಜಿಗೇ ಅವಮಾನ ಎನಿಸುತ್ತದೆ.

ತಂದದ್ದು ಮನೆಯೊಳಗೇ ಉಳಿಯುವುದೆಂದೂ ಹೇಳಲಾಗದು. 1994ರಲ್ಲಿ ಹ್ಯೂಸ್ಟನ್ನಿನಲ್ಲಿ ಮೂವರಿಗೆ ಇಲ್ಲಿನ ಸೊಳ್ಳೆಯೇ ಕಚ್ಚಿ ವೈವ್ಯಾಕ್ಸ್ ಬಂದಿತ್ತು. ಅದಾದ ಮೇಲೆ ಟೆಕ್ಸಾಸಿನಲ್ಲಿ ಸ್ಥಳೀಯವಾಗಿ ಹರಡಿದ ಪ್ರಕರಣ ದಾಖಲಾದದ್ದು 2023ರಲ್ಲಿ, ಮೆಕ್ಸಿಕೋ ಗಡಿಯ ಕ್ಯಾಮೆರಾನ್ ಕೌಂಟಿಯಲ್ಲಿ, ಅದೂ ವೈವ್ಯಾಕ್ಸ್.

ಊರಿನಿಂದ ಬಂದು ತಿಂಗಳುಗಳಾದ ಮೇಲೂ ಚಳಿ ಹತ್ತಿ ಜ್ವರ ಬಂದರೆ, ಊರಿಗೆ ಹೋಗಿದ್ದನ್ನು ವೈದ್ಯರು ಕೇಳದಿದ್ದರೂ ತಾವಾಗಿಯೇ ಹೇಳಬೇಕು. ವೈವ್ಯಾಕ್ಸ್ ಯಕೃತ್ತಿನಲ್ಲಿ ಮಲಗಿದ್ದು ಎದ್ದು ಬರುತ್ತದೆ. ಮಲಗಿದ್ದನ್ನು ಕೊಲ್ಲುವ ಪ್ರಿಮಾಕ್ವಿನ್, ಅಥವಾ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಂದೇ ಡೋಸಿನ ಟಫೆನೊಕ್ವಿನ್, ಜಿ6ಪಿಡಿ ಕಿಣ್ವದ ಕೊರತೆ ಇರುವವರ ಕೆಂಪು ಕಣಗಳನ್ನು ಒಡೆದುಹಾಕಬಲ್ಲದು. ಆ ಕೊರತೆಯೂ ಮಲೇರಿಯಾವೇ ಉಳಿಸಿಹೋದ ಆಸ್ತಿ. ಭಾರತದಲ್ಲಿ ಪಾರ್ಸಿಗಳಲ್ಲಿ, ಸಿಂಧಿಗಳಲ್ಲಿ, ಕೆಲವು ಬುಡಕಟ್ಟುಗಳಲ್ಲಿ ಹೆಚ್ಚು, ಉಳಿದೆಡೆ ಚದುರಿದಂತೆ ಇದೆ. ಗಂಡುಮಕ್ಕಳಿಗೆ ತಾಯಿಯ ಕಡೆಯಿಂದ ಬರುತ್ತದೆ. ಹೀಗಾಗಿ ವೈದ್ಯರು ಮನೆತನ ವಿಚಾರಿಸಿ ಮಾತ್ರೆ ಬರೆಯುವುದಿಲ್ಲ. ಮೊದಲ ದಿನವೇ ಕ್ಲೋರೊಕ್ವಿನ್ ಶುರು ಮಾಡುತ್ತಾರೆ, ಒಂದು ಟ್ಯೂಬು ರಕ್ತವನ್ನು ಜಿ6ಪಿಡಿ ಪರೀಕ್ಷೆಗೆ ಕಳಿಸುತ್ತಾರೆ, ವರದಿ ಬಂದ ಮೇಲೆ ಎರಡನೆಯ ಔಷಧ ಕೊಡುತ್ತಾರೆ.